ಮೂರನೇ ಕುರ್ಚಿಯ ಬಾಯಿಪಾಠ

ಕಳೆದ ಯುಗಾದಿಗೆ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಒಬ್ಬಟ್ಟು ಮುಗಿಸಿ ಕೈ ತೊಳೆದು ಬರುವ ಹೊತ್ತಿಗೆ ಅವರ ಮಗಳು ಒಂದು ನೋಟ್‌ಬುಕ್ ಹಿಡಿದು ಪಕ್ಕಕ್ಕೆ ಬಂದು ಕೂತಳು. ಇಲ್ಲಿ ನ್ಯೂಜೆರ್ಸಿಯಲ್ಲಿ ಒಂಬತ್ತನೇ ಕ್ಲಾಸು. ಶಾಲೆಯ ಜಾಝ್ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಾಳೆ. "ಅಂಕಲ್, ಬಿಗ್ ಬ್ಯಾಂಡ್‌ನಲ್ಲಿ ಟ್ರಂಪೆಟ್ ನುಡಿಸೋರು ಯಾವ್ಯಾವ ಪೀಸ್ ಕಲಿತಿರಲೇಬೇಕು? ಒಂದು ಲಿಸ್ಟ್ ಬರೆದುಕೊಡಿ" ಅಂದಳು.

ಪೆನ್ನನ್ನೂ ಅವಳೇ ಕೈಗಿಟ್ಟಳು. ಹತ್ತು ಹೆಸರು ಬರೆಯುವುದು ಎರಡು ನಿಮಿಷದ ಕೆಲಸ. ಬರೆದುಕೊಟ್ಟೆ. ಆದರೆ ಮನೆಗೆ ಬಂದ ಮೇಲೆ ಸಮಾಧಾನ ಆಗಲಿಲ್ಲ. ಹೆಸರುಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಒಂದೊಂದು ಪೀಸ್‌ನಲ್ಲೂ ಏನನ್ನು ಕಲಿಯಬೇಕು, ಅದು ಎಲ್ಲಿ ಅಡಗಿದೆ ಅನ್ನುವುದು ಆ ಹಾಳೆಯಲ್ಲಿ ಇರಲಿಲ್ಲ. ಅವಳಿಗೆ ಹೇಳಬೇಕಾಗಿದ್ದ ಆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹನ್ನೊಂದು ವರ್ಷದಿಂದ ಇಲ್ಲಿನ ಒಂದು ಹವ್ಯಾಸಿ ಬಿಗ್ ಬ್ಯಾಂಡಿನಲ್ಲಿ ಮೂರನೇ ಟ್ರಂಪೆಟ್. ಪ್ರತಿ ಮಂಗಳವಾರ ರಾತ್ರಿ ರಿಹರ್ಸಲ್. ಬಿಗ್ ಬ್ಯಾಂಡ್ ಅಂದರೆ ಸಾಮಾನ್ಯವಾಗಿ ಹದಿನೇಳು, ಹದಿನೆಂಟು ಜನ. ಮುಂದಿನ ಸಾಲಿನಲ್ಲಿ ಐದು ಸ್ಯಾಕ್ಸೊಫೋನ್, ಅವರ ಹಿಂದೆ ನಾಲ್ಕು ಟ್ರಾಂಬೋನ್, ಎಲ್ಲರಿಗಿಂತ ಹಿಂದೆ ನಾಲ್ಕು ಟ್ರಂಪೆಟ್. ಪಕ್ಕದಲ್ಲಿ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್. ಮೊದಲನೇ ಟ್ರಂಪೆಟ್ ನುಡಿಸುವವರನ್ನು ಲೀಡ್ ಅನ್ನುತ್ತಾರೆ. ಒಂದು ಸ್ವರ ಎಷ್ಟು ಉದ್ದ, ಎಲ್ಲಿ ನಿಲ್ಲಬೇಕು, ಎಷ್ಟು ಒತ್ತಬೇಕು, ಇದನ್ನೆಲ್ಲ ತೀರ್ಮಾನಿಸುವುದು ಲೀಡ್. ಬಾಯಿಬಿಟ್ಟು ಹೇಳುವುದಿಲ್ಲ, ಊದಿ ಹೇಳುತ್ತಾರೆ. ಸೋಲೊಗಳು, ಅಂದರೆ ಒಬ್ಬರೇ ಮುಂದಾಗಿ ನುಡಿಸುವ ಭಾಗಗಳು, ಹೆಚ್ಚಾಗಿ ಎರಡನೆಯವರಿಗೋ ನಾಲ್ಕನೆಯವರಿಗೋ ಹೋಗುತ್ತವೆ. ಮೂರನೆಯವನು ಲೀಡ್ ಪಕ್ಕದಲ್ಲಿ ಕೂತು, ಅವರ ಸ್ವರದ ಒಳಗೆ ತನ್ನ ಸ್ವರವನ್ನು ಕೂರಿಸಬೇಕು. ಕೇಳುವವರಿಗೆ ಅವನು ಬೇರೆಯಾಗಿ ಕೇಳಿಸಲೇಬಾರದು. ಈ ಕುರ್ಚಿ ನನಗೆ ತುಂಬ ಇಷ್ಟ. ಅಲ್ಲಿ ಕೂತೇ ನಾನು ಈ ಸಂಗೀತ ಕಲಿತದ್ದು.

ಇನ್ನೊಂದು ಸಂಗತಿ ಹೇಳಬೇಕು. ನಾನು ಟ್ರಂಪೆಟ್ ಹಿಡಿದದ್ದು ಮಂಗಳೂರಿನಲ್ಲಿ, ಚರ್ಚಿನ ಬ್ರಾಸ್ ಬ್ಯಾಂಡಿನಲ್ಲಿ. ಮದುವೆ, ಹಬ್ಬ, ಮೆರವಣಿಗೆ, ಎಲ್ಲದಕ್ಕೂ ಹೋಗುತ್ತಿದ್ದೆವು. ಕಲಿಸುತ್ತಿದ್ದ ಮಾಸ್ಟ್ರು ಹೊಸ ಪೀಸ್ ಕೊಟ್ಟ ದಿನ ವಾದ್ಯ ಮುಟ್ಟಲು ಬಿಡುತ್ತಿರಲಿಲ್ಲ. "ಮೊದಲು ಬಾಯಲ್ಲಿ ಹೇಳು ಮಾರಾಯ. ಬಾಯಲ್ಲಿ ಬಾರದ್ದು ಟ್ರಂಪೆಟ್‌ನಲ್ಲಿ ಬರ್ತದಾ?" ಎಂದು ಗದರುತ್ತಿದ್ದರು. ಮುಂಬೈಯ ಹೋಟೆಲ್ ಬ್ಯಾಂಡುಗಳ ಕಾಲದ ಗೋವಾದ ಟ್ರಂಪೆಟ್‌ಗಾರರ ಬಗ್ಗೆ ಅವರಿಗೆ ಅಪಾರ ಗೌರವ. ಅದರಲ್ಲೂ ಚಿಕ್ ಚಾಕೊಲೇಟ್ ಅಂದರೆ ಮುಗೀತು. ನಿಜ ಹೆಸರು ಆಂಟೋನಿಯೊ ಝೇವಿಯರ್ ವಾಜ್, ಹುಟ್ಟಿದ್ದು 1916ರಲ್ಲಿ. ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಅಂತಲೇ ಅವರು ಹೆಸರಾಗಿದ್ದವರು. "ಅವರೆಲ್ಲ ರೆಕಾರ್ಡ್ ತಿರುಗಿಸಿ ತಿರುಗಿಸಿ ಕೇಳಿಯೇ ಕಲಿತದ್ದು" ಅನ್ನುತ್ತಿದ್ದರು ಮಾಸ್ಟ್ರು. ಆಗ ಆ ಮಾತಿನ ತೂಕ ನನಗೆ ಗೊತ್ತಾಗಿರಲಿಲ್ಲ.

ಗೊತ್ತಾದದ್ದು ಇಲ್ಲಿನ ಬ್ಯಾಂಡಿಗೆ ಸೇರಿದ ಎರಡನೇ ತಿಂಗಳು. ಅವತ್ತು ಸ್ಟ್ಯಾಂಡಿನ ಮೇಲೆ 'ಲಿಲ್ ಡಾರ್ಲಿನ್' ಇಟ್ಟರು. ನೀಲ್ ಹೆಫ್ಟಿ ಬರೆದದ್ದು. ಕೌಂಟ್ ಬೇಸಿ ಅವರ ಬ್ಯಾಂಡ್ 1957ರಲ್ಲಿ 'ದಿ ಅಟಾಮಿಕ್ ಮಿಸ್ಟರ್ ಬೇಸಿ' ರೆಕಾರ್ಡಿಗಾಗಿ ನುಡಿಸಿದ್ದು. ಹಾಳೆ ನೋಡಿ ಧೈರ್ಯ ಬಂತು. ಮೇಲಿನ ಸ್ವರಗಳಿಲ್ಲ. ಬೆರಳು ಓಡಿಸುವ ಕೆಲಸ ಇಲ್ಲ. ವೇಗ ನಿಮಿಷಕ್ಕೆ 70 ಬೀಟ್‌ಗಳ ಆಸುಪಾಸು, ಅಂದರೆ ಊಟ ಆದ ಮೇಲೆ ಅಂಗಳದಲ್ಲಿ ಅಡ್ಡಾಡುವಷ್ಟು. ಶುರು ಮಾಡಿದೆವು. ನಾಲ್ಕನೇ ಬಾರ್ (ಬಾರ್ ಅಂದರೆ ನಾಲ್ಕು ಬೀಟಿನ ಒಂದು ಆವರ್ತ) ಅಥವಾ ಐದನೆಯದು ಇರಬೇಕು. ಲೀಡ್ ಸ್ವರ ನಿಲ್ಲಿಸಿದರು. ಉಳಿದವರೂ ನಿಲ್ಲಿಸಿದರು. ನಾನು ಅರ್ಧ ಬೀಟ್ ಜಾಸ್ತಿ ಹಿಡಿದೆ. ಆ ಮೌನದಲ್ಲಿ ನನ್ನ ಸ್ವರ ಒಂದೇ ನಿಂತಿತು.

ಯಾರೂ ಏನೂ ಅನ್ನಲಿಲ್ಲ. ಬಿಡುವಿನಲ್ಲಿ ಲೀಡ್ ನುಡಿಸುವ ಹಿರಿಯರು ಒಂದು ಪೆನ್ಸಿಲ್ ತಗೊಂಡು ನನ್ನ ಹಾಳೆಯ ಮೇಲೆ ಬಗ್ಗಿದರು. ಆ ಸ್ವರದ ಪಕ್ಕದಲ್ಲಿ ಒಂದು ಸಣ್ಣ ಗೆರೆ, ಅದರ ಮುಂದೆ ಮೂರು ಅಂತ ಅಂಕಿ ಬರೆದರು. ಮೂರನೇ ಬೀಟ್ ಬಂದ ತಕ್ಷಣ ಸ್ವರ ಬಿಡಬೇಕು ಅಂತ ಅರ್ಥ. ಸ್ವರ ಎಲ್ಲಿ ಶುರು ಅನ್ನುವುದನ್ನು ಎಲ್ಲರೂ ಎಣಿಸುತ್ತಾರೆ. ಎಲ್ಲಿ ಮುಗಿಯುತ್ತದೆ ಅನ್ನುವುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಎಣಿಸಬೇಕು ಅಂತ ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ. ಆಮೇಲೆ ಅವರು ನನ್ನ ಪಾರ್ಟನ್ನು ಬಾಯಲ್ಲೇ ಹಾಡಿ ತೋರಿಸಿದರು. "ಎರಡು ವಾರ ಟ್ರಂಪೆಟ್ ಬೇಡ. ರೆಕಾರ್ಡ್ ಹಾಕಿಕೊಂಡು ಸುಮ್ನೆ ಹಾಡು" ಅಂದರು. ಸಾವಿರಾರು ಮೈಲಿ ದೂರದಲ್ಲಿ ಮಾಸ್ಟ್ರ ಮಾತೇ ಮತ್ತೆ ಕಿವಿಗೆ ಬಿತ್ತು.

ಹಾಡಿದೆ. ಕಾರಿನಲ್ಲಿ, ಪಾತ್ರೆ ತೊಳೆಯುವಾಗ, ವಾಕಿಂಗ್ ಹೋಗುವಾಗ. ಹಾಡುತ್ತಾ ಹೋದ ಹಾಗೆ ಒಂದೊಂದೇ ಕೇಳಿಸಲು ಶುರುವಾಯಿತು. ಬ್ಯಾಂಡ್ ಬೀಟಿನ ಮೇಲೆ ಕೂರುವುದಿಲ್ಲ, ಕೂದಲೆಳೆಯಷ್ಟು ಹಿಂದೆ ಕೂರುತ್ತದೆ. ಹಾಗಂತ ವೇಗ ಕಡಿಮೆಯಾಗುವುದಿಲ್ಲ. ಫ್ರೆಡ್ಡಿ ಗ್ರೀನ್ ಅವರ ಗಿಟಾರ್ ಒಂದೊಂದು ಬೀಟಿಗೂ ಒಂದೊಂದು ಸಲ, ಗಡಿಯಾರದ ಹಾಗೆ. ಬ್ರಾಸ್, ಅಂದರೆ ಟ್ರಂಪೆಟ್ ಮತ್ತು ಟ್ರಾಂಬೋನ್‌ಗಳು, ಅದಕ್ಕೆ ಒರಗಿಕೊಂಡಿರುತ್ತವೆ. ಆ ರೆಕಾರ್ಡಿನ ನಾಲ್ಕು ಟ್ರಂಪೆಟ್‌ಗಾರರು ಸ್ನೂಕಿ ಯಂಗ್, ಥ್ಯಾಡ್ ಜೋನ್ಸ್, ಜೋ ನ್ಯೂಮನ್, ವೆಂಡೆಲ್ ಕಲಿ. ಮಧ್ಯದಲ್ಲಿ ಮ್ಯೂಟ್, ಅಂದರೆ ದನಿ ಬದಲಿಸಲು ಟ್ರಂಪೆಟ್‌ನ ಅಗಲ ಬಾಯಿಗೆ ಇಡುವ ಮುಚ್ಚಳ, ಹಾಕಿಕೊಂಡು ಸೋಲೊ ನುಡಿಸುವವರು ಈ ವೆಂಡೆಲ್ ಕಲಿ ಅವರೇ. ಅದರಲ್ಲಿ ತೋರಿಕೆಯ ಒಂದು ಸ್ವರವೂ ಇಲ್ಲ. ಈ ಪೀಸನ್ನು ಹೆಫ್ಟಿ ಇನ್ನೂ ಬೇಗದ ನಡೆಗೆ ಬರೆದಿದ್ದರಂತೆ, ನಿಧಾನ ಮಾಡಿಸಿದ್ದು ಬೇಸಿ ಅಂತ ಹೇಳುತ್ತಾರೆ. ನಿಧಾನ ಮಾಡಿದ್ದರಿಂದಲೇ ಇದು ಇಷ್ಟು ಕಷ್ಟ, ಇಷ್ಟು ಚೆಂದ.

ಹಾಗಾಗಿ ಪಟ್ಟಿಯಲ್ಲಿ ಮೊದಲು ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುವುದು. ಸಾಮಾನ್ಯವಾಗಿ ಹುಡುಗರಿಗೆ ಜೋರಾಗಿ, ಬೇಗ ಓಡುವ ಪೀಸ್ ಮೊದಲು ಕೊಡುತ್ತಾರೆ. ಅವರಿಗೂ ಅದೇ ಇಷ್ಟ ಅಲ್ವಾ. ಆದರೆ ವೇಗದಲ್ಲಿ ತಪ್ಪು ಮುಚ್ಚಿಹೋಗುತ್ತದೆ. ನಾಲ್ಕು ಜನ ಒಂದೇ ಉಸಿರಿನಲ್ಲಿ ಇದ್ದಾರಾ ಇಲ್ಲವಾ ಅಂತ ನಿಧಾನದಲ್ಲಿ ಮಾತ್ರ ಗೊತ್ತಾಗುತ್ತದೆ.

ಬೇಸಿ ಬ್ಯಾಂಡ್ ನುಡಿಸುತ್ತಿದ್ದ ಪೀಸ್‌ಗಳನ್ನಷ್ಟೇ ಪೂರ್ತಿ ಕಲಿತರೂ ಅರ್ಧ ದಾರಿ ಆಯಿತು. ಫ್ರಾಂಕ್ ಫಾಸ್ಟರ್ ಅವರ 'ಶೈನಿ ಸ್ಟಾಕಿಂಗ್ಸ್' ಇದೆ. ಮೆಲ್ಲಗೆ ಶುರುವಾಗಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ಕೊನೆಗೆ ಇಡೀ ಬ್ಯಾಂಡ್ ಒಟ್ಟಿಗೆ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುವುದೇ ಪಾಠ. ಫ್ರೆಡ್ಡಿ ಗ್ರೀನ್ ಅವರ 'ಕಾರ್ನರ್ ಪಾಕೆಟ್'ನಲ್ಲಿ ಥ್ಯಾಡ್ ಜೋನ್ಸ್ ಮತ್ತು ಜೋ ನ್ಯೂಮನ್ ಇಬ್ಬರ ಸೋಲೊಗಳೂ ಇವೆ. ಒಂದೇ ಬ್ಯಾಂಡು, ಒಂದೇ ರಾತ್ರಿ, ಒಂದೇ ಹಾಡು, ಆದರೂ ಇಬ್ಬರ ಮಾತಿನ ಧಾಟಿ ಬೇರೆ ಬೇರೆ. 1955ರ 'ಏಪ್ರಿಲ್ ಇನ್ ಪ್ಯಾರಿಸ್' ಅಂತೂ ಎಲ್ಲರಿಗೂ ಗೊತ್ತು. ಹಾಡನ್ನು ಬ್ಯಾಂಡಿಗೆ ಹೊಂದಿಸಿ ಬರೆದ ಅರೇಂಜ್‌ಮೆಂಟ್ ವೈಲ್ಡ್ ಬಿಲ್ ಡೇವಿಸ್ ಅವರದು. ಹಾಡು ಮುಗಿಯಿತು ಅನ್ನುವಾಗ ಬೇಸಿ ಇನ್ನೊಂದು ಸಲ ಅನ್ನುತ್ತಾರೆ. ಮತ್ತೆ ಮುಗಿಯುತ್ತದೆ, ಮತ್ತೆ ಇನ್ನೊಂದು ಸಲ. ಥ್ಯಾಡ್ ಜೋನ್ಸ್ ಅದರ ಸೋಲೊದಲ್ಲಿ ಮಕ್ಕಳ ಹಾಡೊಂದರ ಸಾಲನ್ನು ಸೇರಿಸಿದರು. ಅದು ಎಷ್ಟು ಹೊಂದಿಕೊಂಡಿದೆ ಅಂದರೆ, ಅದಿಲ್ಲದೆ ಈಗ ಆ ಹಾಡನ್ನು ನೆನೆಯುವುದೇ ಕಷ್ಟ.

ಇಲ್ಲಿಂದ ಎಲಿಂಗ್ಟನ್ ಕಡೆಗೆ ಬರಬೇಕು. ಬೇಸಿ ಬ್ಯಾಂಡ್ ನಾಲ್ಕು ಜನ ಒಬ್ಬರಾಗುವುದನ್ನು ಕಲಿಸಿದರೆ, ಡ್ಯೂಕ್ ಎಲಿಂಗ್ಟನ್ ಬ್ಯಾಂಡ್ ಕಲಿಸುವುದು ಒಬ್ಬೊಬ್ಬರೂ ಒಬ್ಬೊಬ್ಬರಾಗಿರುವುದನ್ನು. ಅವರು ಮೊದಲನೇ ಟ್ರಂಪೆಟ್, ಎರಡನೇ ಟ್ರಂಪೆಟ್ ಅಂತ ಬರೆಯುತ್ತಿರಲಿಲ್ಲ. ಇದು ಕೂಟಿಗೆ, ಇದು ರೇಗೆ ಅಂತ ತಮ್ಮ ಟ್ರಂಪೆಟ್‌ಗಾರರ ಹೆಸರು ಹಿಡಿದು, ಆಯಾ ಜನರ ದನಿಗೆ ಬರೆಯುತ್ತಿದ್ದರು.

'ಟೇಕ್ ದಿ ಎ ಟ್ರೇನ್' ನೋಡಿ. ಬರೆದವರು ಬಿಲ್ಲಿ ಸ್ಟ್ರೇಹಾರ್ನ್. 1941ರಲ್ಲಿ ಅಮೆರಿಕದ ರೇಡಿಯೊ ಕಂಪನಿಗಳಿಗೂ ಸಂಗೀತಗಾರರ ಹಕ್ಕಿನ ಹಣ ವಸೂಲು ಮಾಡುವ ಸಂಘಕ್ಕೂ ಜಗಳ ಹತ್ತಿತು. ಆ ಸಂಘದ ಸದಸ್ಯರ ಹಾಡುಗಳು ರೇಡಿಯೊದಲ್ಲಿ ಬರುವ ಹಾಗಿರಲಿಲ್ಲ. ಎಲಿಂಗ್ಟನ್ ಸದಸ್ಯರು. ಸ್ಟ್ರೇಹಾರ್ನ್ ಅಲ್ಲ, ಎಲಿಂಗ್ಟನ್ ಅವರ ಮಗ ಮರ್ಸರ್ ಕೂಡ ಅಲ್ಲ. ಹಾಗಾಗಿ ಇಬ್ಬರು ಯುವಕರು ಕೂತು ಬ್ಯಾಂಡಿಗೆ ಹೊಸ ಹಾಡುಗಳನ್ನೇ ಬರೆದರು. ಅದರಲ್ಲಿ ಇದೂ ಒಂದು. ಫೆಬ್ರವರಿ 15ರಂದು ರೆಕಾರ್ಡ್ ಆಯಿತು. ಕೂಟಿ ವಿಲಿಯಮ್ಸ್ ಅದಕ್ಕೆ ಸ್ವಲ್ಪ ಮೊದಲಷ್ಟೇ ಬೆನ್ನಿ ಗುಡ್‌ಮನ್ ಬ್ಯಾಂಡಿಗೆ ಹೋಗಿದ್ದರು. ಅವರ ಜಾಗಕ್ಕೆ ಬಂದಿದ್ದ ರೇ ನ್ಯಾನ್ಸ್ ಸೋಲೊ ನುಡಿಸಿದರು. ನ್ಯಾನ್ಸ್ ಪಿಟೀಲನ್ನೂ ನುಡಿಸುತ್ತಿದ್ದರು, ಹಾಡುತ್ತಲೂ ಇದ್ದರು.

ಆ ಸೋಲೊ ಎರಡು ಭಾಗ. ಮೊದಲು ಮ್ಯೂಟ್ ಹಾಕಿಕೊಂಡು, ಮಾತಾಡಿದ ಹಾಗೆ. ಆಮೇಲೆ ನಾಲ್ಕು ಬಾರಿನಲ್ಲಿ ಶ್ರುತಿ ಸಿ ಇಂದ ಇ ಫ್ಲ್ಯಾಟ್‌ಗೆ ಏರುತ್ತದೆ, ಮ್ಯೂಟ್ ತೆಗೆದು ತೆರೆದ ದನಿ. ಕತ್ತಲೆ ಸುರಂಗದಿಂದ ರೈಲು ಬೆಳಕಿಗೆ ಬಂದ ಹಾಗೆ ಆಗುತ್ತದೆ ನನಗೆ, ಪ್ರತಿ ಸಲವೂ. ಜಾಝ್‌ನಲ್ಲಿ ಸೋಲೊ ಆ ಗಳಿಗೆಗೆ ಹುಟ್ಟುವುದು. ಆದರೆ ಇದು ಹಾಡಿನದೇ ಅಂಗವಾಗಿ ಉಳಿಯಿತು. ಮುಂದೆ ಎಷ್ಟೋ ಟ್ರಂಪೆಟ್‌ಗಾರರು ಅದನ್ನೇ ನುಡಿಸಿದರು. ನಮ್ಮಲ್ಲಿ ಒಂದು ಕೃತಿಗೆ ಶಿಷ್ಯರು ಯಾರೋ ಸೇರಿಸಿದ ಸಂಗತಿ ಕೊನೆಗೆ ಆ ಕೃತಿಯದೇ ಆಗಿಬಿಡುತ್ತದಲ್ಲ, ಹಾಗೆ. ಆದ್ದರಿಂದ ಇದನ್ನು ಸ್ವರ ಬಿಡದೆ ಬಾಯಿಪಾಠ ಮಾಡಬೇಕು. ನಿಮ್ಮದೇ ಸೋಲೊ ಆಮೇಲೆ. ಮೊದಲು ನ್ಯಾನ್ಸ್ ಎಲ್ಲಿ ಉಸಿರು ತಗೊಂಡರು ಅಂತ ಗೊತ್ತಿರಲಿ.

ಶಾಲೆಯ ಮಕ್ಕಳಿಗೆ ಇಲ್ಲಿ ಒಂದು ಅನುಕೂಲ ಇದೆ. ನ್ಯೂಯಾರ್ಕಿನ ಜಾಝ್ ಅಟ್ ಲಿಂಕನ್ ಸೆಂಟರ್ ಸಂಸ್ಥೆ 'ಎಸೆನ್ಷಿಯಲಿ ಎಲಿಂಗ್ಟನ್' ಅಂತ ಕಾರ್ಯಕ್ರಮ ನಡೆಸುತ್ತದೆ. ಹಳೆಯ ರೆಕಾರ್ಡುಗಳಿಂದ ಕೇಳಿ ಬರೆದ ಎಲಿಂಗ್ಟನ್ ಸಂಗೀತದ ಹಾಳೆಗಳನ್ನು ಹೈಸ್ಕೂಲ್ ಬ್ಯಾಂಡುಗಳಿಗೆ ಉಚಿತವಾಗಿ ಕಳಿಸುತ್ತಾರೆ. ಪ್ರತಿ ವರ್ಷ ಸ್ಪರ್ಧೆಯೂ ಇರುತ್ತದೆ. ಆ ಹುಡುಗಿಯ ಶಾಲೆಗೂ ಬಂದಿದೆಯಂತೆ. ಕೇಳಿ ಬಹಳ ಖುಷಿಯಾಯಿತು.

ಈಗ ರಬ್ಬರ್ ಬಟ್ಟಲಿನ ವಿಷಯ. ಸಿಂಕ್ ಕಟ್ಟಿಕೊಂಡಾಗ ಮೇಲಿಟ್ಟು ಒತ್ತುತ್ತಾರಲ್ಲ, ಕೋಲಿನ ತುದಿಯ ಆ ರಬ್ಬರ್ ಬಟ್ಟಲು. ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸದು ತಂದು ಕೋಲು ತೆಗೆದರೆ ಅದೇ ಪ್ಲಂಜರ್ ಮ್ಯೂಟ್. ಎಡಗೈಯಲ್ಲಿ ಹಿಡಿದು ಟ್ರಂಪೆಟ್ ಬಾಯಿಗೆ ಮುಚ್ಚಿದರೆ ದನಿ ಒಳಗೆ ಹೋಗುತ್ತದೆ, ತೆರೆದರೆ ಹೊರಗೆ ಬರುತ್ತದೆ. ಹಾಳೆಯಲ್ಲಿ ಮುಚ್ಚುವುದಕ್ಕೆ ಕೂಡಿಸುವ ಚಿಹ್ನೆ, ತೆರೆಯುವುದಕ್ಕೆ ಸೊನ್ನೆ. ಅಷ್ಟೇ ಬರೆದಿರುತ್ತದೆ. ಮುಚ್ಚುವುದಕ್ಕೂ ತೆರೆಯುವುದಕ್ಕೂ ನಡುವೆ ಇರುವ ನೂರು ಹಂತಗಳನ್ನು ಯಾವ ಚಿಹ್ನೆಯೂ ಹೇಳುವುದಿಲ್ಲ. ಒಳಗೆ ಇನ್ನೊಂದು ಸಣ್ಣ ಮ್ಯೂಟ್ ಸಿಕ್ಕಿಸಿ, ಊದುತ್ತಲೇ ಗಂಟಲಿನಲ್ಲಿ ಗುರುಗುಟ್ಟಿದರೆ ಟ್ರಂಪೆಟ್ ಮನುಷ್ಯನ ಹಾಗೆ ಅಳುತ್ತದೆ, ಗದರುತ್ತದೆ, ಬೇಡಿಕೊಳ್ಳುತ್ತದೆ. ಎಲಿಂಗ್ಟನ್ ಬ್ಯಾಂಡಿಗೆ ಈ ದನಿ ತಂದವರು ಬಬ್ಬರ್ ಮೈಲಿ. 1927ರ 'ಬ್ಲ್ಯಾಕ್ ಆಂಡ್ ಟ್ಯಾನ್ ಫ್ಯಾಂಟಸಿ' ಕೇಳಿದರೆ ಸಾಕು. ಮೈಲಿ 1929ರಲ್ಲಿ ಬ್ಯಾಂಡ್ ಬಿಟ್ಟರು, 1932ರಲ್ಲಿ ತೀರಿಹೋದರು, 29 ವರ್ಷಕ್ಕೆ. ಅವರ ಕುರ್ಚಿಗೆ ಬಂದ ಕೂಟಿ ವಿಲಿಯಮ್ಸ್ ಈ ವಿದ್ಯೆಯನ್ನು ಬ್ಯಾಂಡಿನಲ್ಲೇ ಕೂತು ಕಲಿತರು.

ಕೂಟಿಗಾಗಿ ಎಲಿಂಗ್ಟನ್ 1940ರಲ್ಲಿ ಬರೆದ 'ಕನ್ಸರ್ಟೊ ಫಾರ್ ಕೂಟಿ' ನನ್ನ ಪ್ರಕಾರ ಟ್ರಂಪೆಟ್ ಹಿಡಿದವರೆಲ್ಲ ತಿಳಿದಿರಲೇಬೇಕಾದದ್ದು. ಮೂರು ಚಿಲ್ಲರೆ ನಿಮಿಷ. ಎಂಟು ಬಾರಿನ ಸಾಲುಗಳಿಗೆ ಒಗ್ಗಿದ ಕಿವಿಗೆ ಇದರ ಮೊದಲ ಸಾಲೇ ಹತ್ತು ಬಾರು. ಒಂದೇ ರಾಗದ ಎಳೆಯನ್ನು ಕೂಟಿ ಬೇರೆ ಬೇರೆ ಮ್ಯೂಟ್ ಹಿಡಿತದಲ್ಲಿ ಮತ್ತೆ ಮತ್ತೆ ಹೇಳುತ್ತಾರೆ, ಪ್ರತಿ ಸಲ ಬೇರೆ ಅರ್ಥ. ಮಧ್ಯದಲ್ಲಿ ಮ್ಯೂಟ್ ಇಳಿಸಿ, ಶ್ರುತಿ ಬದಲಾಗಿ, ಪೂರ್ತಿ ತೆರೆದ ದೊಡ್ಡ ದನಿಯಲ್ಲಿ ನುಡಿಸುತ್ತಾರೆ. ಮೊದಲ ಸಲ ಕೇಳಿದಾಗ ರಸ್ತೆ ಬದಿಗೆ ಕಾರು ನಿಲ್ಲಿಸಿದ್ದೆ. ಆಮೇಲೆ ಒಂದು ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ನಿಂತು ಅದರ ಮೊದಲ ಹತ್ತು ಬಾರನ್ನು ಅಭ್ಯಾಸ ಮಾಡಿದೆ. ಸ್ವರಗಳು ಒಂದು ಸಂಜೆಯಲ್ಲಿ ಬಂದವು. ಎಡಗೈಗೆ ಬುದ್ಧಿ ಬರಲು ಮೂರು ತಿಂಗಳು ಹಿಡಿಯಿತು.

ಉಳಿದವನ್ನು ಬೇಗ ಹೇಳುತ್ತೇನೆ. ವೃದ್ಧಾಶ್ರಮಗಳಲ್ಲಿ, ಪಾರ್ಕುಗಳಲ್ಲಿ ನುಡಿಸಲು ಹೋದರೆ ಗ್ಲೆನ್ ಮಿಲ್ಲರ್ ಅವರ 'ಇನ್ ದ ಮೂಡ್' ಕೇಳಿಯೇ ಕೇಳುತ್ತಾರೆ. 1939ರ ಹಾಡು. ಬಹಳ ಸಲ ಕೇಳಿದ್ದೇವೆ ಅಂತ ಅದನ್ನು ಹಗುರ ಮಾಡಬೇಡಿ. ಕೊನೆಯಲ್ಲಿ ಒಂದೇ ಸಾಲು ಮೆಲ್ಲಗೆ, ಇನ್ನೂ ಮೆಲ್ಲಗೆ, ಪಿಸುಮಾತಿನಷ್ಟು ಮೆಲ್ಲಗೆ ಬಂದು ಆಮೇಲೆ ಒಮ್ಮೆಲೇ ಸಿಡಿಯುತ್ತದೆ. ಟ್ರಂಪೆಟ್‌ನಲ್ಲಿ ಮೆಲ್ಲಗೆ ಊದುವುದು ಜೋರಾಗಿ ಊದುವುದಕ್ಕಿಂತ ಕಷ್ಟ. ಬೆನ್ನಿ ಗುಡ್‌ಮನ್ ಬ್ಯಾಂಡಿನ 'ಸಿಂಗ್ ಸಿಂಗ್ ಸಿಂಗ್' ಇದೆ, 1938ರ ಜನವರಿಯಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದು. ಹ್ಯಾರಿ ಜೇಮ್ಸ್, ಝಿಗ್ಗಿ ಎಲ್‌ಮನ್, ಕ್ರಿಸ್ ಗ್ರಿಫಿನ್ ಮೂವರೇ ಟ್ರಂಪೆಟ್. ಲೀಡ್ ಕೆಲಸವನ್ನು ಮೂವರೂ ಹಂಚಿಕೊಳ್ಳುತ್ತಿದ್ದರು. ಬನ್ನಿ ಬೆರಿಗನ್ ಅವರ 1937ರ 'ಐ ಕಾಂಟ್ ಗೆಟ್ ಸ್ಟಾರ್ಟೆಡ್' ಎದೆಯಿಂದ ನುಡಿಸುವುದು ಅಂದರೇನು ಅಂತ ತೋರಿಸುತ್ತದೆ. ಡಿಝ್ಝಿ ಗಿಲೆಸ್ಪಿ ಅವರ 1946ರ 'ಥಿಂಗ್ಸ್ ಟು ಕಮ್' ವಿಪರೀತ ವೇಗ. ನಮ್ಮ ಬ್ಯಾಂಡ್ ಅದನ್ನು ಮೂಲ ವೇಗದಲ್ಲಿ ಇನ್ನೂ ಒಮ್ಮೆಯೂ ನುಡಿಸಿಲ್ಲ. ಮರುವರ್ಷ ಕ್ಯೂಬಾದ ಚಾನೊ ಪೊಸೊ ಜೊತೆ ಸೇರಿ ಮಾಡಿದ 'ಮಾಂಟೆಕಾ'ದಲ್ಲಿ ಸಮ ಸ್ವರಗಳನ್ನು ಉದ್ದ ಗಿಡ್ಡ ಮಾಡಿ ತೂಗುವ ಜಾಝ್ ನಡೆ, ಅಂದರೆ ಸ್ವಿಂಗ್, ಒಂದೇ ಅಲ್ಲ, ಕ್ಯೂಬಾದ ತಾಳವೂ ಬೇಕು. ಸಮ ಸಮ ಸ್ವರಗಳನ್ನು ಸಮ ಸಮವಾಗಿಯೇ ನುಡಿಸಲು ಅಲ್ಲಿ ಮತ್ತೆ ಕಲಿಯಬೇಕು.

ಮೇಲಿನ ಸ್ವರಗಳ ಬಗ್ಗೆ ಹುಡುಗರು ಕೇಳಿಯೇ ಕೇಳುತ್ತಾರೆ. ಎಲಿಂಗ್ಟನ್ ಬ್ಯಾಂಡಿನ ಕ್ಯಾಟ್ ಆಂಡರ್ಸನ್, ಸ್ಟಾನ್ ಕೆಂಟನ್ ಬ್ಯಾಂಡಿನಲ್ಲಿ ಹೆಸರಾದ ಮೇನಾರ್ಡ್ ಫರ್ಗುಸನ್, ಇವರನ್ನು ಕೇಳಿ ಮರುಳಾಗದ ಟ್ರಂಪೆಟ್ ಹುಡುಗ ಇಲ್ಲ. ಕೇಳಲಿ, ಬೇಡ ಅನ್ನುವುದಿಲ್ಲ. ಆದರೆ ತುಟಿಯನ್ನು ಒತ್ತಿ ಒತ್ತಿ ಆ ಸ್ವರ ಹಿಡಿಯಲು ಹೋಗಿ, ಹದಿಮೂರನೇ ವಯಸ್ಸಿಗೇ ತುಟಿ ಊದಿಸಿಕೊಂಡು ತಿಂಗಳುಗಟ್ಟಲೆ ನುಡಿಸಲಾಗದೆ ಕೂತ ಹುಡುಗನನ್ನು ನಾನು ನೋಡಿದ್ದೇನೆ. ಅವನಿಗೆ ಅವಸರ ಮಾಡಿಸಿದ ದೊಡ್ಡವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಉಸಿರು ಗಟ್ಟಿಯಾಗುತ್ತಾ ಹೋದ ಹಾಗೆ ಆ ಸ್ವರಗಳು ವರ್ಷಗಳಲ್ಲಿ ಬರುತ್ತವೆ.

ಕೊನೆಗೆ ಥ್ಯಾಡ್ ಜೋನ್ಸ್. ಬೇಸಿ ಬ್ಯಾಂಡಿನ ಟ್ರಂಪೆಟ್ ಸಾಲಿನಲ್ಲಿ ಒಂಬತ್ತು ವರ್ಷ ಕೂತಿದ್ದವರು. ಬೇಸಿ ಕೇಳಿದರು ಅಂತ ಒಂದಷ್ಟು ಪೀಸ್ ಬರೆದರು. ಅವು ಆ ಬ್ಯಾಂಡಿನ ಸ್ವಭಾವಕ್ಕೆ ಒಗ್ಗಲಿಲ್ಲ, ವಾಪಸ್ ಬಂದವು. ಅವನ್ನು ಕೈಯಲ್ಲಿಟ್ಟುಕೊಂಡು ಡ್ರಮ್ಮರ್ ಮೆಲ್ ಲೂಯಿಸ್ ಜೊತೆ ತಮ್ಮದೇ ಬ್ಯಾಂಡ್ ಕಟ್ಟಿದರು. 1966ರ ಫೆಬ್ರವರಿಯ ಒಂದು ಸೋಮವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಶುರುವಾದದ್ದು. ಇಬ್ಬರೂ ಈಗ ಇಲ್ಲ. ಆದರೆ ಅದೇ ಬ್ಯಾಂಡ್ ಇವತ್ತು ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ ಅನ್ನುವ ಹೆಸರಿನಲ್ಲಿ ಅಲ್ಲೇ ಸೋಮವಾರ ನುಡಿಸುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ನ್ಯೂಜೆರ್ಸಿಯಿಂದ ನ್ಯೂಯಾರ್ಕಿಗೆ ಓಡುವ ಪಾತ್ ರೈಲು ಹಿಡಿದು ಹೋಗುತ್ತೇನೆ. ಸೆವೆಂತ್ ಅವೆನ್ಯೂ ಬದಿಯ ಬಾಗಿಲು, ಕಿರಿದಾದ ಮೆಟ್ಟಿಲು ಇಳಿದರೆ ನೆಲಮಾಳಿಗೆ. ನಾನು ಕೂರುವುದು ಟ್ರಂಪೆಟ್ ಸಾಲು ಕಾಣುವ ಕಡೆ. ಸೋಲೊ ನುಡಿಸುವವರಿಗೆ ಎಲ್ಲರೂ ಚಪ್ಪಾಳೆ ಹೊಡೆಯುವಾಗ ನನ್ನ ಕಣ್ಣು ಲೀಡ್ ಪಕ್ಕದವರ ಮೇಲೆ. ಅವರು ಹಾಳೆ ನೋಡುವುದೇ ಕಡಿಮೆ. ತಲೆ ಸ್ವಲ್ಪ ಪಕ್ಕಕ್ಕೆ ವಾಲಿರುತ್ತದೆ, ಕಿವಿ ಲೀಡ್ ಕಡೆಗೆ.

ಥ್ಯಾಡ್ ಬರೆದ ಒಳ ಪಾರ್ಟುಗಳು ಕಠಿಣ. ಪಕ್ಕದವರ ಸ್ವರಕ್ಕೆ ಅರ್ಧ ಸ್ವರದಷ್ಟೇ ದೂರದಲ್ಲಿ ನಿಮ್ಮ ಸ್ವರ. ಒಂಟಿಯಾಗಿ ಹಾಡಿದರೆ ಅದು ರಾಗವೇ ಅಲ್ಲ ಅನ್ನಿಸುತ್ತದೆ. ನಾಲ್ವರೂ ಸೇರಿದಾಗ ಮಾತ್ರ ಅರ್ಥ ಆಗುತ್ತದೆ. ಆದರೆ ಅವರದೇ 'ಎ ಚೈಲ್ಡ್ ಈಸ್ ಬಾರ್ನ್' ತೊಟ್ಟಿಲ ಹಾಡಿನಷ್ಟು ಸರಳ. 1970ರ ರೆಕಾರ್ಡಿನಲ್ಲಿ ಅವರೇ ಫ್ಲೂಗಲ್‌ಹಾರ್ನ್ ನುಡಿಸಿದ್ದಾರೆ. ಟ್ರಂಪೆಟ್‌ಗಿಂತ ದುಂಡಗಿನ, ಮೆತ್ತನೆಯ ದನಿ. ಬಿಗ್ ಬ್ಯಾಂಡಿನ ಟ್ರಂಪೆಟ್‌ಗಾರರು ಇದನ್ನೂ ಜೊತೆಗೆ ಇಟ್ಟುಕೊಳ್ಳಬೇಕಾಗುತ್ತದೆ.

ಇಷ್ಟನ್ನೂ ಆ ಹುಡುಗಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಹಾಗಾದ್ರೆ ಮೊದಲು ಹಾಡಲಾ ಅಂಕಲ್?" ಅಂದಳು. ಹಾಡು ಪುಟ್ಟಾ ಅಂದೆ.

ಮೊನ್ನೆ ಭಾನುವಾರ ಒಂದು ಆಡಿಯೊ ಮೆಸೇಜು ಬಂತು. ಟ್ರಂಪೆಟ್ ಇಲ್ಲ, ಬರೀ ಅವಳ ದನಿ. 'ಲಿಲ್ ಡಾರ್ಲಿನ್' ಮೂರನೇ ಪಾರ್ಟು. ಬೆರಳಿನಲ್ಲಿ ಟೇಬಲ್ ಮೇಲೆ ಬೀಟ್ ತಟ್ಟುವುದು ಕೇಳಿಸುತ್ತಿತ್ತು. ಹಿಂದೆ ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸಲ ಕೂಗಿತು. ಅವಳು ಮುಂದೆ ಓಡಲಿಲ್ಲ. ಸ್ವರ ಹಿಡಿದಳು, ಮೂರನೇ ಬೀಟ್‌ಗೆ ಬಿಟ್ಟಳು. ಮೌನದಲ್ಲಿ ಬೆರಳು ಮಾತ್ರ ತಟ್ಟುತ್ತಿತ್ತು. ಎರಡು ಸಲ ಕೇಳಿದೆ. ಮಂಗಳವಾರ ನಮ್ಮ ರಿಹರ್ಸಲ್‌ಗೆ ಬಾ, ಬರುವಾಗ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಪ್ಲಂಜರ್ ತಗೊಂಡು ಬಾ ಅಂತ ಬರೆದೆ.